ಗುಂಡಿ ಡಬ್ಬಿಯ ಬಿಳಿ ಮಾತ್ರೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯಾ? ನೆಗಡಿ ಬಿಟ್ಟಿತೇ? ಅಳಿಯಂದಿರು ಕೂತು ಊಟ ಮಾಡುತ್ತಾರೋ, ಈಗಲೂ ನಿಂತುಕೊಂಡೇ ತಿಂದು ಓಡುತ್ತಾರೋ? ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪ ಆಸ್ಪತ್ರೆಯಿಂದ ಬಂದು ವಾರವಾಯಿತು. ಗಾಬರಿಯಾಗಬೇಡ, ಪೂರ್ತಿ ಓದು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನಾನು ಬೇರೆ ಮಾತು ತೆಗೆದುಬಿಡುತ್ತೇನೆ. ಅವರು ಬೇರೆ ಪಕ್ಕದಲ್ಲೇ ಕೂತು ಕಣ್ಣು ಬಿಡುತ್ತಿರುತ್ತಾರೆ.

ಕಿಡ್ನಿ ಸೋಲುತ್ತಿದೆ ಎಂದು ಡಾಕ್ಟರು ಹೇಳಿದಾಗಿನಿಂದ ಅಪ್ಪ ಎಷ್ಟು ಶಿಸ್ತಾಗಿದ್ದರೆಂದು ನಿನಗೇ ಗೊತ್ತು. ನೋವಿನ ಮಾತ್ರೆ ಮುಟ್ಟಕೂಡದು ಎಂದರು, ಮುಟ್ಟಲಿಲ್ಲ. ಇಡೀ ದಿನ ಕತ್ತರಿ ಆಡಿಸಿ ಭುಜ ಹಿಡಿದುಕೊಂಡರೂ ಬಿಸಿನೀರಿನ ಚೀಲ ಇಟ್ಟುಕೊಂಡು ಹಲ್ಲುಕಚ್ಚಿ ಕೂತರು. ಆದರೆ ದರ್ಜಿಯ ಬುದ್ಧಿ ಎಲ್ಲಿ ಹೋಗುತ್ತದೆ? ಅಂಗಡಿಯ ಹಳೆಯ ಗುಂಡಿ ಡಬ್ಬಿಯನ್ನು ತೊಳೆದು ತಂದು, ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಹಾಳೆಯಿಂದ ಬಿಡಿಸಿ, ಬಣ್ಣ ನೋಡಿ, ಅಳತೆ ನೋಡಿ ಖಾನೆಗೆ ಹಾಕಿದರು. ಹಳದಿಗೆ ಹಳದಿ, ಬಿಳಿಗೆ ಬಿಳಿ. ನಾನೂ ಪಕ್ಕದ ಮನೆಯವರಿಗೆಲ್ಲ ತೋರಿಸಿ ಬೀಗಿದ್ದೆ.

ಬಿಪಿ ಮಾತ್ರೆಯ ಖಾನೆಗೆ ಯಾವುದೋ ನೋವಿನ ಮಾತ್ರೆಯೂ ಸೇರಿಕೊಂಡಿತ್ತು. ಅಷ್ಟೇ ಗುಂಡಗೆ, ಅಷ್ಟೇ ಬೆಳ್ಳಗೆ. ಕಪ್ಪು ದಾರದಲ್ಲೂ ಬೇರೆ ಬೇರೆ ಕಪ್ಪು ಗುರುತಿಸುವ ಮನುಷ್ಯ ದಿನಾ ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ನುಂಗಿದರು. ಭುಜದ ನೋವು ಮಾಯವಾಯಿತು. ಎಲ್ಲ ಬಿಸಿನೀರಿನ ಚೀಲದ ಮಹಿಮೆ ಎಂದು ಅಂಗಡಿಗೆ ಬಂದವರಿಗೆಲ್ಲ ಉಪದೇಶ ಬೇರೆ! ಆ ದಿನಗಳಲ್ಲಿ ನನಗೂ ಆಗಾಗ ತಲೆ ಸುತ್ತುತ್ತಿತ್ತು, ವಯಸ್ಸಾಯಿತು ಎಂದುಕೊಂಡೆ. ಆಮೇಲೆ ಅವರ ಕಾಲು ಊದಿ ಚಪ್ಪಲಿ ಹಿಡಿಸದಾಯಿತು, ಮೂತ್ರ ಕಡಿಮೆಯಾಯಿತು. ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಏದುಸಿರು ಬಿಡುತ್ತಾ ಒರಗಿಬಿಟ್ಟರು.

ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂದು ಡಾಕ್ಟರು ಕೇಳಿದರೆ, ಏನೂ ಇಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಮನೆಯಲ್ಲಿರುವುದನ್ನೆಲ್ಲ ತನ್ನಿ ಎಂದು ನರ್ಸಮ್ಮ ಹೇಳಿದ ಮೇಲೆ ಡಬ್ಬಿ ಒಯ್ದೆ. ಡಾಕ್ಟರು ಎರಡು ಬಿಳಿ ಮಾತ್ರೆ ಆರಿಸಿ ಅಂಗೈಯಲ್ಲಿಟ್ಟುಕೊಂಡರು. ಒಂದರ ಮೇಲೆ ಸಣ್ಣ ಗೀರಿತ್ತು, ಇನ್ನೊಂದರ ಮೇಲೆ ಇರಲಿಲ್ಲ. "ಹೆಸರಿರೋ ಹಾಳೆಯಿಂದ ಬಿಡಿಸಿ ಇಡಬೇಡಿ ಅಮ್ಮಾ. ಯಾವ ಹೊಸ ಮಾತ್ರೆ ಆದ್ರೂ ಇವರು ನುಂಗೋಕೆ ಮುಂಚೆ ನಮಗೊಂದ್ಸಲ ತೋರಿಸಿ" ಎಂದರಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಈಗ ಊತ ಇಳಿದಿದೆ. ಆದರೆ ಕಿಡ್ನಿ ಮೊದಲಿನ ಮಟ್ಟಕ್ಕೆ ಬರುವುದಿಲ್ಲವಂತೆ. ಡಯಾಲಿಸಿಸ್ ಇಲ್ಲದೆ ಇನ್ನೂ ಕೆಲವು ವರ್ಷ ದೂಡಬಹುದು ಎಂದಿದ್ದವರೇ ಈಗ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನುತ್ತಾರೆ. ಡಬ್ಬಿ ತೋರಿಸಿ ಬೀಗುವ ಬದಲು, ಇದು ಗುಂಡಿಯಲ್ಲ ರೀ ಎಂದು ಒಂದು ಮಾತು ಆಡಿದ್ದರೆ ಆಗುತ್ತಿತ್ತಲ್ಲ ಎಂದು ದಿನಾ ಅಂದುಕೊಳ್ಳುತ್ತೇನೆ.

ಅಪ್ಪ ಅಂಗಡಿಗೆ ಹೋಗುತ್ತಿಲ್ಲ. ಮನೆಯಲ್ಲೇ ಕೂತು ಆ ಡಬ್ಬಿಗೆ ಮತ್ತೆ ಗುಂಡಿ ತುಂಬಿದ್ದಾರೆ.

ಇಬ್ಬರಿಗೂ ನಮ್ಮ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣಿ, ಬೆಚ್ಚಗಿರಿ.

ನಿನ್ನ
ಅಮ್ಮ

ತಾ.ಕ.: ಅಪ್ಪ ಇಷ್ಟನ್ನೂ ಓದಿ, ಸರಿಯಾಗಿದೆ ಎಂದು ಹೇಳಿ ಮಲಗಲು ಹೋದರು. ಅವರು ಏಳುವುದರೊಳಗೆ ಇದನ್ನು ಬರೆದು ಕವರು ಅಂಟಿಸಬೇಕು. ಅದು ಯಾವುದೋ ಮಾತ್ರೆಯಲ್ಲ ಕಣೇ. ನನ್ನ ಮಂಡಿಗೆಂದು ನೀನು ಪಾರ್ಸಲ್ ಮಾಡುತ್ತಿದ್ದದ್ದು. ನನ್ನದು ಅವರ ಹೊಟ್ಟೆಗೆ ಹೋಯಿತು, ಅವರ ಬಿಪಿ ಮಾತ್ರೆ ನನ್ನ ಹೊಟ್ಟೆಗೆ. ನನ್ನ ತಲೆಸುತ್ತು ಅದರದ್ದೇ. ಡಾಕ್ಟರಿಗೆ ನಿಜ ಹೇಳಿದ್ದೇವೆ. "ಮಗೂಗೆ ಮಾತ್ರ ಹೇಳ್ಬೇಡ, ಜೀವನಪೂರ್ತಿ ಕೊರಗ್ತಾಳೆ" ಎಂದು ಅಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಹೇಳದಿದ್ದರೆ ನೀನು ಮತ್ತೆ ಕಳಿಸುತ್ತೀಯಲ್ಲ. ಕಳಿಸಬೇಡ ಮಗಳೇ. ನೀನು ಪ್ರೀತಿಯಿಂದ ಕಳಿಸಿದ್ದೆ, ಬೆರೆಸಿದವರು ನಾವು. ಬಂದಾಗ ಭುಜ ಹೇಗಿದೆ ಎಂದು ಅಪ್ಪನನ್ನು ಕೇಳಬೇಡ. ನೋವು ಮತ್ತೆ ಶುರುವಾಗಿದೆ, ನಿನ್ನ ಮುಂದೆ ಇಲ್ಲವೆಂದೇ ಹೇಳುತ್ತಾರೆ. ಸುಮ್ಮನೆ ಬಿಸಿನೀರಿನ ಚೀಲ ತುಂಬಿಕೊಡು.