ಕಾವಲುಗಾರನಿಗೆ ಒಂದೇ ಮಾತು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಗುಡುಗಪ್ಪನವರಿಗೆ,

ಗಂಟಲಿನ ಆಪರೇಷನ್ ಆದಮೇಲೆ ನಿಮ್ಮನ್ನು ಯಾರೂ ಹೀಗೆ ಕರೆಯುವುದಿಲ್ಲವಂತೆ. ನಿಮ್ಮ ಅಕ್ಕ ಫೋನಿನಲ್ಲಿ ಹೇಳಿದರು. ನಾನು ಕರೆಯುತ್ತೇನೆ, ಬೇಕಾದರೆ ಕೋಪ ಮಾಡಿಕೊಳ್ಳಿ. ನೀವು ಅವರ ಮನೆಗೆ ಹೋಗಿ ವರ್ಷವಾಗುತ್ತ ಬಂತು. "ದನಿ ಹೋದ ನಟ ಮನೇಲಿ ಕೂತ್ರೆ ನೀನು ಕನಿಕರ ಪಡ್ತೀಯ, ಅದು ನನಗೆ ಬೇಡ" ಎಂದು ಪಿಸುಗುಟ್ಟಿ ಹೊರಟಿರಿ. ಇದು ಕನಿಕರದ ಪತ್ರವಲ್ಲ, ಕೆಲಸದ ಪತ್ರ.

ನನ್ನ ಹೊಸ ನಾಟಕದ ಕೊನೆಯ ದೃಶ್ಯ ನನ್ನನ್ನು ಅರೆದು ಹಾಕಿತು. ಜೈಲಿನಲ್ಲಿ ಭೇಟಿಯ ಕೋಣೆ. ಗಲ್ಲುಶಿಕ್ಷೆಯಾದ ಗಂಡನನ್ನು ನೋಡಲು ಹೆಂಡತಿ ಬಂದಿದ್ದಾಳೆ. ಅವನ ಕ್ಷಮಾದಾನದ ಅರ್ಜಿ ತಿರಸ್ಕಾರವಾಗಿದೆ. ಅವನಿಗದು ಗೊತ್ತಿಲ್ಲ, ಇವಳೇ ತಿಳಿಸಬೇಕು. ನಾನು ಮೊದಲು ಬರೆದಾಗ ಬಂದವಳೇ ಸುದ್ದಿ ಹೇಳಿಬಿಡುತ್ತಿದ್ದಳು. ಆಮೇಲೆ ಇಬ್ಬರೂ ಅಳುತ್ತಿದ್ದರು. ಅಳುತ್ತಲೇ ಇದ್ದರು. ತಾಲೀಮಿನಲ್ಲಿ ಹೊಸ ನಿರ್ದೇಶಕ ಆಕಳಿಸಿದ. "ಮೇಡಂ, ಎಲ್ಲ ಮೊದಲೇ ಹೇಳ್ಬಿಟ್ರೆ ಜನ ಇನ್ನೇನಕ್ಕೆ ಕಾಯ್ಬೇಕು?" ಎಂದ. ಮೈಯೆಲ್ಲ ಉರಿದುಹೋಯಿತು. ಆದರೂ ಅವನು ಹೇಳಿದ್ದು ಸರಿ.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತೆ. ಆಗ ಆಸ್ಪತ್ರೆಯ ಆ ಬೆಳಿಗ್ಗೆ ನೆನಪಾಯಿತು. ದನಿ ಇನ್ನು ಮೊದಲಿನ ಹಾಗೆ ಬರುವುದಿಲ್ಲವೆಂದು ಡಾಕ್ಟರು ನನಗೆ ಹೊರಗೆ ಹೇಳಿದ್ದರು. ಒಳಗೆ ಬಂದರೆ ನೀವು, ಕುತ್ತಿಗೆಗೆ ಬ್ಯಾಂಡೇಜು ಸುತ್ತಿಸಿಕೊಂಡವರು, ಮುಂದಿನ ನಾಟಕದಲ್ಲಿ ನಿಮ್ಮ ಪಾತ್ರ ಏನೆಂದು ಸನ್ನೆಯಲ್ಲಿ ಕೇಳಿದಿರಿ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೀವು ತಲೆಯ ಮೇಲೆ ಕೈಯಿಂದ ಕಿರೀಟ ಮಾಡಿ ತೋರಿಸಿ ನಕ್ಕಿರಿ. ನಾನು ನಿಮ್ಮ ಹೊದಿಕೆ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.

ಅದನ್ನೇ ನಾಟಕದ ಹೆಂಡತಿಗೆ ಕೊಟ್ಟೆ. ಅರ್ಜಿಯ ಗತಿ ಏನಾಯಿತೆಂದು ಹಿಂದಿನ ದೃಶ್ಯದಲ್ಲೇ ಪ್ರೇಕ್ಷಕರಿಗೆ ತಿಳಿಸಿಬಿಟ್ಟೆ. ಈಗ ಅವಳು ಗಂಡನಿಗೆ ತಂದ ಅಂಗಿಯನ್ನು ಮಡಚುತ್ತಾಳೆ. ಅವನು ಬಿಡುಗಡೆಯಾಗಿ ಮನೆಗೆ ಬಂದಮೇಲೆ ಸೋರುವ ಮಾಡು ಸರಿಮಾಡುವ ಮಾತಾಡುತ್ತಾನೆ, ಕಿಟಕಿಗೆ ಯಾವ ಬಣ್ಣ ಎಂದು ಕೇಳುತ್ತಾನೆ. ಇವಳು "ನೀಲಿ" ಅನ್ನುತ್ತಾಳೆ. ನಾಲಿಗೆ ತುದಿಗೆ ಬಂದ ಸುದ್ದಿಯನ್ನು ಪ್ರತಿಸಲವೂ ನುಂಗುತ್ತಾಳೆ. ಬಾಗಿಲಲ್ಲಿ ಕಾವಲುಗಾರ ನಿಂತಿದ್ದಾನೆ, ಅವನಿಗೂ ಎಲ್ಲ ಗೊತ್ತು. ಗಡಿಯಾರ ನೋಡುತ್ತಾನೆ, ಅವಳನ್ನು ನೋಡುತ್ತಾನೆ. ಕೊನೆಗೆ ಅವನಿಗೆ ಒಂದೇ ಮಾತು: "ಹೊತ್ತಾಯ್ತಮ್ಮ." ಆ ದನಿಯಲ್ಲೇ ಗಂಡನಿಗೆ ತಿಳಿದುಹೋಗುತ್ತದೆ. ಅವನು ಅಳುವುದಿಲ್ಲ. "ಸರಿ, ನೀಲೀನೇ ಇರ್ಲಿ" ಅನ್ನುತ್ತಾನೆ.

ನಿನ್ನೆ ಯಾರೂ ಆಕಳಿಸಲಿಲ್ಲ. ಆದರೆ ಕಾವಲುಗಾರ ಸಿಗುತ್ತಿಲ್ಲ. ಬಂದವರೆಲ್ಲ ಆ ಮಾತನ್ನು ಸಂತೆಯಲ್ಲಿ ಕೂಗಿದ ಹಾಗೆ ಕೂಗುತ್ತಾರೆ. ನನಗೆ ಬೇಕಾದದ್ದು ಪಿಸುದನಿ, ಇಡೀ ಸಭಾಂಗಣ ಉಸಿರು ಹಿಡಿದು ಮುಂದೆ ಬಾಗುವಂಥದ್ದು. ನಿಮ್ಮ ಹೆಸರು ಹೇಳಿದೆ. "ಅಷ್ಟು ದೊಡ್ಡ ನಟರು, ಇಷ್ಟು ಚಿಕ್ಕ ಪಾತ್ರಕ್ಕೆ ಬರ್ತಾರಾ?" ಎಂದ ನಿರ್ದೇಶಕ. ಕೇಳಿ ನೋಡುತ್ತೇನೆ ಎಂದೆ. ಕೇಳುತ್ತಿದ್ದೇನೆ. ಚೆನ್ನಾಗಿ ಮಾಡದಿದ್ದರೆ ಮುಲಾಜಿಲ್ಲದೆ ತೆಗೆದುಹಾಕುತ್ತೇವೆ, ಅದೂ ನೆನಪಿರಲಿ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನೀವೇ ಹೆಸರಿಟ್ಟ
ಗೀಚಮ್ಮ

ಬರೆಯಬಾರದು ಅಂದುಕೊಂಡಿದ್ದು: ಹೆಂಡತಿಯ ಪಾತ್ರದವಳು ಬೇರೆ ತಂಡ ಸೇರಿ ಹೊರಟುಹೋದಳು. ಈಗ ಆ ಪಾತ್ರ ನಾನೇ ಮಾಡುತ್ತಿದ್ದೇನೆ. ನನಗೆ ನಟನೆ ಬರುವುದಿಲ್ಲವೆಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಿರಿ. ನಿಜ. ಅಳಬಾರದ ಕಡೆಯೇ ಅಳು ಬಂದುಬಿಡುತ್ತದೆ, ನಿನ್ನೆಯೂ ಬಂತು. ಬಾಗಿಲಲ್ಲಿ ನೀವು ನಿಂತಿದ್ದರೆ ತಡೆದುಕೊಂಡೇನು.