ನಿನ್ನ ಭಾಷಣಕ್ಕೆ ನಾನೂ ಬಂದಿದ್ದೆ

ಮರ್ಕಂಜ
22-2-2025

ಮಗಳೇ ಭವಿತಾ,

ಪುತ್ತೂರಿನಲ್ಲಿ ನೀನೂ ಅಳಿಯನೂ ಸೌಖ್ಯವೆಂದು ನಂಬಿದ್ದೇನೆ. ಫೋನು ಮಾಡಿದರೆ ಎರಡನೇ ಮಾತಿಗೇ ನಮ್ಮಿಬ್ಬರಿಗೆ ಜಗಳ. ಕಾಗದವಾದರೆ ನೀನು ಮಧ್ಯದಲ್ಲಿ ಬಾಯಿ ಹಾಕಲಾರೆ.

ಒಂಬತ್ತನೇ ತಾರೀಕು ಭಾನುವಾರ ನಮ್ಮೂರಲ್ಲಿ ನಿಮ್ಮ ಪಕ್ಷದ ಸಭೆ ಆಯಿತಲ್ಲ, ನಾನು ಹಿಂದಿನ ಸಾಲಿನಲ್ಲಿದ್ದೆ. ಪಕ್ಕದಲ್ಲಿ ರಮ್ಲತ್. ಕೇಸರಿ ಶಾಲಿನ ಸಭೆಗೆ ನೀನು ಯಾಕೆ ಬರುತ್ತೀ ಎಂದು ಅವಳನ್ನು ಕೇಳಿದ್ದೆ. "ನಾವು ಸಾಕಿದ ಹುಡುಗಿ ಮೈಕಿನಲ್ಲಿ ಮಾತಾಡುದು ನೋಡ್ಬೇಡ್ವಾ ದುಗ್ಗಮ್ಮಕ್ಕ?" ಎಂದಳು. ನೀನು ಹುಟ್ಟಿದಾಗ ನನ್ನ ಹೆಸರು ಬೀಡಿ ಕಂಟ್ರಾಕ್ಟರರ ಪುಸ್ತಕದಿಂದ ಅಳಿಸಿಹೋಗಬಾರದೆಂದು ನಲವತ್ತು ದಿನ ನನ್ನ ಪಾಲಿನ ಬೀಡಿಯನ್ನೂ ಕಟ್ಟಿಕೊಟ್ಟವಳು ಅವಳು.

ನೀನು ಚೆನ್ನಾಗಿಯೇ ಮಾತಾಡಿದೆ. ಕೆಂಪು ಬಾವುಟ ಹಿಡಿದು ನಿನ್ನ ಅವ್ವನ ಕೈ ಸವೆಯಿತು, ಮನೆಯ ಹಂಚು ಮಾತ್ರ ಬದಲಾಗಲಿಲ್ಲ ಎಂದೆ. ಸುಳ್ಳಲ್ಲ. ನಿನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಡಲು ಓಡಿ ಬಂದದ್ದು ಆ ಶಾಲಿನ ಹುಡುಗರೇ. ಅಪ್ಪ ಸತ್ತ ಮೇಲೆ ಹೂವಿನ ಹಾರ ತಂದವರು ನಮ್ಮ ಬೀಡಿ ಸಂಘದವರು. ನೀನು ಆ ಕಡೆ ಹೋದದ್ದು ಯಾಕೆಂದು ನನಗೆ ಗೊತ್ತುಂಟು. ಅದಕ್ಕೆ ನಾನು ಸಿಟ್ಟಾಗಿಲ್ಲ.

ಆದರೆ ಕೊನೆಗೆ ಒಂದು ಮಾತು ಹೇಳಿದೆ. "ನಮ್ಮವರ ಅಂಗಡಿ ಇರುವಾಗ ಅವರ ಅಂಗಡಿಗೆ ಯಾಕೆ ಹೋಗುದು?" ಈ ಊರಿನಲ್ಲಿ "ಅವರ ಅಂಗಡಿ" ಇರುವುದು ಒಂದೇ, ಭವಿತಾ. ರಮ್ಲತಳ ಗಂಡನ ಒಣಮೀನಿನ ಅಂಗಡಿ. ಭಾಷಣ ಬರೆದುಕೊಟ್ಟವರಿಗೆ ಅದು ಗೊತ್ತಿರಲಿಕ್ಕಿಲ್ಲ. ಓದಿದವಳಿಗೆ?

ಒಲೆಯ ಮೇಲೆ ಎಂತದೋ ಇಟ್ಟು ಬಂದಿದ್ದೇನೆ ಎಂದು ರಮ್ಲತ್ ಎದ್ದು ಹೋದಳು. ನಾನು ಕುಳಿತೇ ಇದ್ದೆ.

ಮರುದಿನ ಸಂಕಟ ತಡೆಯದೆ ಸುಳ್ಯಕ್ಕೆ, ನಮ್ಮ ಸಂಘದ ಕಚೇರಿಗೆ ಹೋದೆ. ಅಲ್ಲಿ ಈಗ ಯಾರು ಕುಳಿತಿದ್ದಾರೆ ಗೊತ್ತಾ? ಚಿನ್ಮಯೀ, ನಮ್ಮ ಹಳೆಯ ಬೀಡಿ ಕಂಟ್ರಾಕ್ಟರರ ಮೊಮ್ಮಗಳು. ದೊಡ್ಡ ಓದು ಓದಿದ್ದಾಳೆ, ಕಾರಿನಲ್ಲಿ ಬರುತ್ತಾಳೆ. ಹೇಳಿದ್ದನ್ನೆಲ್ಲ ಕೇಳಿ, "ಮಗಳಿಗೆ ನೀವು ವರ್ಗಪ್ರಜ್ಞೆ ಕಲಿಸ್ಲಿಲ್ವಾ ದುಗ್ಗಮ್ಮ?" ಎಂದಳು. "ಪಿ.ಎಫ್. ಕೊಡಿ ಅಂತ ನಿನ್ನ ಅಜ್ಜನ ಗೇಟಿನೆದುರು ಹನ್ನೊಂದು ದಿನ ಕೂತಾಗ ಅವಳು ನನ್ನ ಹೊಟ್ಟೆಯಲ್ಲಿದ್ದಳು ಮಾರಾಯ್ತಿ. ಇನ್ನೆಂತ ಕಲಿಸುದು?" ಎಂದು ಎದ್ದು ಬಂದೆ. ಈ ವರ್ಷದ ಸದಸ್ಯತ್ವದ ರಶೀದಿ ಮಾಡಿಸಲಿಲ್ಲ.

ಧಣಿಯ ಮೊಮ್ಮಗಳು ನಮ್ಮ ಬಾವುಟ ಹಿಡಿದಿದ್ದಾಳೆ, ಬೀಡಿ ಕಟ್ಟಿದವಳ ಮಗಳು ಆ ಶಾಲು ಹೊದ್ದಿದ್ದಾಳೆ. ಇಬ್ಬರೂ ನನ್ನ ಹೆಸರಿನಲ್ಲಿಯೇ ಮಾತಾಡುತ್ತೀರಿ. ನನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಿನ್ನೆ ರಮ್ಲತಳ ಮನೆಗೆ ಹೋಗಿದ್ದೆ. ಚಾ ಕೊಟ್ಟಳು, ನಿನ್ನ ಆರೋಗ್ಯ ವಿಚಾರಿಸಿದಳು. ಆ ಮಾತು ಎತ್ತಲೇ ಇಲ್ಲ. ಆದರೆ ಇಪ್ಪತ್ತೆಂಟು ವರ್ಷ ಒಂದೇ ಬಸ್ಸಿನಲ್ಲಿ ಬೀಡಿ ಕೊಂಡುಹೋದವರು ನಾವು. ಈಗ ಅವಳು ಬೆಳಗಿನ ಮೊದಲ ಬಸ್ಸಿಗೇ ಹೋಗಿಬಿಡುತ್ತಾಳೆ.

ನೀನು ಪಕ್ಷ ಬಿಡು ಎಂದು ನಾನು ಹೇಳುವುದಿಲ್ಲ. ಒಮ್ಮೆ ಬಾ. ಶಾಲು ಬೇಕಾದರೆ ಹೊದ್ದುಕೊಂಡೇ ಬಾ. ಆ ಅಂಗಡಿಗೆ ಹೋಗಿ ಕಾಲು ಕೆ.ಜಿ. ಒಣಮೀನು ತೆಗೆದುಕೋ, ನಾಲ್ಕು ಜನ ನೋಡುವಂತೆ.

ಇಂತಿ,
ನಿನ್ನ ಅವ್ವ
ದುಗ್ಗಮ್ಮ

ತಾ.ಕ.: ಕುಳಿತೇ ಇದ್ದೆ ಎಂದು ಬರೆದೆ. ಅದು ಪೂರ್ತಿ ನಿಜವಲ್ಲ. ನೀನು ಅಷ್ಟು ಚಂದ ಮಾತಾಡುವುದನ್ನು ಕಂಡು ಹೆಮ್ಮೆಯಿಂದ ಮೊದಲಿನಿಂದಲೂ ಚಪ್ಪಾಳೆ ತಟ್ಟುತ್ತಿದ್ದೆ. ಅಂಗಡಿಯ ಮಾತಿಗೂ ಎಲ್ಲರ ಜೊತೆ ತಟ್ಟಿಬಿಟ್ಟೆ. ರಮ್ಲತ್ ನನ್ನ ಕೈಗಳನ್ನು ನೋಡಿದಳು. ಅವಳು ಎದ್ದದ್ದು ಆಮೇಲೆ.