ಗಿಟಾರ್ ಬರುತ್ತಾ?

ಜೂನ್ 12, ಸಂಜೆ 6.30

ಉಗುರು ಕತ್ತರಿಸಿದೆ. ಎಡಗೈಯದು ಮಾತ್ರ. ತೋರುಬೆರಳ ತುದಿ ಉರಿಯುತ್ತಿದೆ. ಎಷ್ಟು ಒತ್ತಿದರೂ ನಾದವಿಲ್ಲ, ಬರೀ ಟಕ್ ಟಕ್.

ಇವತ್ತು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಗಿಟಾರ್ ಹೇಳಿಕೊಡುವ ಜಗಣ್ಣ ಮೊಬೈಲ್ ರಿಪೇರಿ ಬದಿಗಿಟ್ಟು ನನ್ನ ಕೈ ನೋಡಿದರು. ಭಾನುವಾರ ಆರ್ಕೆಸ್ಟ್ರಾದಲ್ಲಿ ನುಡಿಸುವವರು.

"ಈ ಅಡ್ಡ ಕಂಬಿ ಮೇಲೂ ಅಲ್ಲ, ದೂರಾನೂ ಅಲ್ಲ. ಕಂಬಿ ಹಿಂದೇನೇ ಒತ್ತಮ್ಮ. ಅರ್ಧ ಬಲ ಸಾಕು. ಅದ್ರ ಕತ್ತು ಹಿಸುಕ್ತಿದ್ದೀಯಲ್ಲ, ಪಾಪ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಚೀಲದ ಜಿಪ್ ನೋಡುತ್ತ ಕೂತೆ.

ಜುಲೈ 2ಕ್ಕೆ ಚಿಂತಾಮಣಿ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಡೆಮೊ ಕ್ಲಾಸ್. ಮೂರನೇ ತರಗತಿಗೆ ಗಿಟಾರ್ ಹಿಡಿದು ಪದ್ಯ ಹೇಳಿಕೊಡಬೇಕು. ಎಲ್ಲ ಒಂದೇ ಮಾತಿನಿಂದ. ಇಂಟರ್‌ವ್ಯೂಗೆ ಹಿಂದಿನ ದಿನ ಗಿಟಾರ್ ಆರ್ಡರ್ ಮಾಡಿದ್ದೆ. ಆ ಹುರುಪಿನಲ್ಲಿ ಅರ್ಜಿಯ 'ಹವ್ಯಾಸ' ಜಾಗದಲ್ಲಿ ಅದನ್ನೇ ಬರೆದೆ. ಹೆಡ್‌ಮಾಸ್ಟರ್ ಕನಕರಾಜ್ ಸರ್ ಕೇಳಿದರು — "ಗಿಟಾರ್ ಬರುತ್ತಾಮ್ಮ?"

"ಬರುತ್ತೆ ಸರ್."

ಪಾರ್ಸೆಲ್ ಬಗ್ಗೆ ಹೇಳಿದ್ದು. ಹಾಗಂತ ಅಂದುಕೊಂಡಿದ್ದೇನೆ. ಆದರೆ ಕನ್ನಡ ಎಂ.ಎ. ಮಾಡಿದವಳಿಗೆ ಆ ಕ್ರಿಯಾಪದ ಗೊತ್ತಿರಲಿಲ್ಲವೆ?

ಜೂನ್ 16

ಮನೆಯ ರೇಷ್ಮೆ ಹುಳ ಮೂರನೇ ಜ್ವರಕ್ಕೆ ಕೂತಿವೆ. ಪೊರೆ ಬಿಡುವವರೆಗೆ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಸುಮ್ಮನಿರುತ್ತವೆ. ಮನೆಯಲ್ಲಿ ಸದ್ದು ಬೇಡ ಅಂದಳು ಅಮ್ಮ. ಬಲಗೈ ಬಿಟ್ಟು ಗಿಟಾರ್ ಮೇಲೆ ಎಡಗೈ ಮಾತ್ರ ಆಡಿಸಿದೆ, ಎರಡು ಕಾರ್ಡ್‌ಗಳ ನಡುವೆ. ಜಿ, ಡಿ. ಜಿ, ಡಿ. ಬೆರಳು ಎತ್ತು, ಇಡು. ಸದ್ದಿಲ್ಲದಿದ್ದರೆ ತಪ್ಪೂ ಕೇಳಿಸುವುದಿಲ್ಲ... ಕಲಿಯುತ್ತಿದ್ದೇನೋ, ನಟಿಸುತ್ತಿದ್ದೇನೋ.

ಜೂನ್ 18

ಪಕ್ಕದ ಮನೆ ಚಿಕ್ಕವೆಂಕಟಮ್ಮ ಬಾಗಿಲಲ್ಲೇ ನಿಂತು, "ಏನ್ ಯಶೋದಮ್ಮ, ಈ ಸಲ ಬೆಳೆ ಬರುತ್ತಾ?" ಅಂದರು.

"ಬರುತ್ತೆ ಕಣಕ್ಕ," ಅಂದಳು ಅಮ್ಮ, ಸೊಪ್ಪಿನಿಂದ ತಲೆ ಎತ್ತದೆ.

ಗೂಡು ಕಟ್ಟುವುದಿರಲಿ, ಹುಳ ಇನ್ನೂ ಕಿರುಬೆರಳಿನಷ್ಟೂ ಇಲ್ಲ. ಅಮ್ಮನಿಗೇನು ಗೊತ್ತು? ಆದರೂ ಸುಳ್ಳು ಅಂತ ಯಾರೂ ಅನ್ನಲಿಲ್ಲ. ಅದೇ ಮಾತು ನಾನಂದರೆ ಯಾಕೆ ನಿದ್ದೆ ಬರುವುದಿಲ್ಲ?

ಜೂನ್ 29, ಮಧ್ಯಾಹ್ನ

ನಾಲ್ಕನೇ ಜ್ವರ ಎದ್ದ ಮೇಲೆ ಬರೀ ಸೊಪ್ಪು, ಸೊಪ್ಪು. ಏಳು ದಿನ ಗಿಟಾರ್ ಮುಟ್ಟಿಲ್ಲ. ಇವತ್ತು ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಆಮೇಲೆ ಭಯ ಹತ್ತಿ ಒಂದೇ ಸಮ ಎರಡು ಗಂಟೆ ನುಡಿಸಿದೆ. ಮಣಿಕಟ್ಟು ಹಿಡಿದುಕೊಂಡಿತು. ಜಗಣ್ಣನಿಗೆ ಫೋನ್ ಮಾಡಿದೆ.

"ಏಳು ದಿನದ ಸೊಪ್ಪು ಒಂದೇ ದಿನ ಹಾಕ್ತಾರೇನಮ್ಮ ಹುಳಕ್ಕೆ? ದಿನಾ ಕಾಲು ಗಂಟೆ ಅಂದಿದ್ನಲ್ಲ. ನೋವಂದ್ರೆ ನಿಲ್ಸು. ಮೊದ್ಲು ಟ್ಯೂನ್ ನೋಡು, ಆಮೇಲೆ ನಿಧಾನ, ಅದಕ್ಕಿಂತ ನಿಧಾನ."

ಸರ್‌ಗೆ ಎಲ್ಲ ಹೇಳಿಬಿಡಲೇ ಅಂತ ಕೇಳಿದೆ. ಅದು ಮಾತ್ರ ಗಿಟಾರ್ ವಿಷಯ ಅಲ್ಲಮ್ಮ, ನೀನೇ ಯೋಚ್ನೆ ಮಾಡು ಅಂದರು.

ಜುಲೈ 2, 10.50

ಶಾಲೆಯ ಕಾರಿಡಾರ್. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕನಕರಾಜ್ ಸರ್ ಬಂದು ನಿಂತಿದ್ದರು.

"ಸರ್... ಗಿಟಾರ್ ಇನ್ನೂ ಬರ್ತಾ ಇದೆ."

ಅವರು ನನ್ನ ಹೆಗಲ ಚೀಲ ನೋಡಿದರು. "ಬಂದಿದೆಯಲ್ಲಮ್ಮ."

ಮತ್ತೆ ಅದೇ ಮಾತು! ನಗಲೋ ಅಳಲೋ ತಿಳಿಯಲಿಲ್ಲ. ಎಲ್ಲ ಹೇಳಿದೆ. ಅವತ್ತು ಗಿಟಾರ್ ಮನೆಗೇ ಬಂದಿರಲಿಲ್ಲ, ಕಲಿಯಲು ಶುರು ಮಾಡಿ ತಿಂಗಳೂ ಆಗಿಲ್ಲ, ಬರುವುದು ಎರಡೇ ಕಾರ್ಡ್. ಅವರು ನಗಲಿಲ್ಲ. ಬೈಯಲೂ ಇಲ್ಲ. ಕೈಯಲ್ಲಿದ್ದ ನನ್ನ ಅರ್ಜಿಯಲ್ಲಿ ಏನೋ ಹೊಡೆದುಹಾಕಿದರು, ಏನೋ ಬರೆದರು. ಕೂತಿರಮ್ಮ, ಕರೀತೀನಿ ಅಂದು ಒಳಗೆ ಹೋದರು.

ಹೊಡೆದುಹಾಕಿದ್ದು ನನ್ನ ಹೆಸರೋ, ಹವ್ಯಾಸವೋ...

ಹೊರಟುಬಿಡಲೇ? ಹನ್ನೊಂದೂವರೆಗೆ ಊರಿಗೆ ಹೋಗುವ ಜಂಗಮಕೋಟೆ ಬಸ್ಸಿದೆ. ಆದರೆ ಕೈ ತಾನಾಗಿ ಚೀಲ ಬಿಚ್ಚಿದೆ. ಬೆರಳ ತುದಿ ಒತ್ತಿ ನೋಡಿದೆ. ಗಟ್ಟಿಯಾಗಿದೆ. ಉರಿ ಇಲ್ಲ, ಯಾವಾಗ ನಿಂತಿತೋ. ಮೂರನೇ ತಂತಿ ಸ್ವಲ್ಪ ಇಳಿದಿದೆ.

ಸರ್ ಬಾಗಿಲು ತೆಗೆದರು. "ಧನುಶ್ರೀ, ಬಾಮ್ಮ." ಮಕ್ಕಳೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದಾರೆ. ಮೊದಲು ಟ್ಯೂನ್. ಆಮೇಲೆ ನಿಧಾನ, ಅದಕ್ಕಿಂತ